ಕುದಿಯುವುದು ಹಳೆಯ ಕಾರಿನ ಹಣೆಬರಹವಲ್ಲ

ಹಳೆಯ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಜತನದಿಂದ ಕಾಪಾಡಿಕೊಂಡು ಬಂದವರಿಗೆ ಗ್ಯಾರೇಜಿನಿಂದ ನೆಂಟರ ಮನೆಯವರೆಗೆ ಒಂದೇ ಮಾತು ಕೇಳಿಸುತ್ತದೆ: ‘ಹಳೇ ಗಾಡಿ ಅಂದ್ಮೇಲೆ ಹೀಟ್ ಆಗೋದೇ.’ ಸಮಾಧಾನಕ್ಕೆಂದು ಹೇಳುವ ಈ ಮಾತು ಎಷ್ಟೋ ಒಳ್ಳೆಯ ಎಂಜಿನ್‌ಗಳನ್ನು ಕೆಡಿಸಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100 ಮುಂಬೈಯಲ್ಲಿ ಪದ್ಮಿನಿಯಾಯಿತು. ಇವೆರಡೂ ದಶಕಗಳ ಕಾಲ ಟ್ಯಾಕ್ಸಿಗಳಾಗಿ ದುಡಿದವು. ಒಳಗೆ ಹಿಡಿಯುವುದಕ್ಕಿಂತ ಹೆಚ್ಚು ಜನ, ಕ್ಯಾರಿಯರ್ ಮೇಲೆ ಲಗೇಜು ಹೊತ್ತು ರಾಯಚೂರಿನ ಬಿಸಿಲಲ್ಲಿ ಓಡಿದವು, ಚಾರ್ಮಾಡಿಯನ್ನೂ ಆಗುಂಬೆಯನ್ನೂ ಹತ್ತಿದವು. ತಣಿಯುವ ಶಕ್ತಿ ಹುಟ್ಟಿನಿಂದಲೇ ಇಲ್ಲದಿದ್ದರೆ ದಿನದ ದುಡಿಮೆಗೆ ಇವನ್ನು ನಂಬಿ ಯಾರೂ ಕೊಳ್ಳುತ್ತಿರಲಿಲ್ಲ. ಇಂದು ಕುದಿಯುವ ಕಾರು ಅಂದು ತನ್ನಲ್ಲಿದ್ದ ಏನನ್ನೋ ಕಳೆದುಕೊಂಡಿದೆ. ಹೊಸದೇನನ್ನಾದರೂ ಜೋಡಿಸುವ ಮೊದಲು ಕಳೆದುಹೋದದ್ದು ಏನೆಂದು ಹುಡುಕಬೇಕು.

ಈ ಕಾರುಗಳಲ್ಲಿ ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ದಾರಿ ಹಿಡಿದರೆ, ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಈ ದಾರಿಗೆ ಅಡ್ಡ ಬರುವ ಮೊದಲ ಶತ್ರು ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣದಂಶ ಬಿಸಿ ತಾಗಿದಲ್ಲೆಲ್ಲ ಪದರವಾಗಿ ಕಟ್ಟುತ್ತದೆ. ಗೀಸರ್ ಕಾಯಿಲ್ ಮೇಲೆ ಕಾಣುವ ಬಿಳಿ ಹೊಪ್ಪಳೆಯೇ ಎಂಜಿನ್ನಿನ ಒಳಗೂ ಬೆಳೆಯುತ್ತದೆ. ಒಂದು ಮಿಲಿಮೀಟರ್ ದಪ್ಪದ ಆ ಪದರ ಶಾಖಕ್ಕೆ ಒಡ್ಡುವ ತಡೆ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪದ ಕಬ್ಬಿಣ ಒಡ್ಡುವಷ್ಟು. ಅದರ ಜೊತೆಗೆ ಎರಕದ ಕಬ್ಬಿಣದ ಬ್ಲಾಕಿನಿಂದ ಉದುರಿದ ತುಕ್ಕು ಕೆಸರಾಗಿ ತಳಕ್ಕಿಳಿಯುತ್ತದೆ, ಹೆಚ್ಚಾಗಿ ಪಂಪಿನಿಂದ ದೂರವಿರುವ ಹಿಂದಿನ ಸಿಲಿಂಡರ್ ಬಳಿ. ಇದನ್ನು ಪರೀಕ್ಷಿಸಲು ದುಡ್ಡು ಬೇಕಿಲ್ಲ. ತಣ್ಣಗಿರುವ ಎಂಜಿನ್ನಿನ ಬ್ಲಾಕಿನ ಬದಿಯಲ್ಲಿರುವ ಪುಟ್ಟ ನಲ್ಲಿಯನ್ನು ತಿರುಗಿಸಿ ನೋಡಿ. ನೀರು ತುಂಬಿದ್ದೂ ಒಂದು ಹನಿ ಹೊರಬರದಿದ್ದರೆ ಒಳಗೆ ಕೆಸರು ಗಟ್ಟಿಯಾಗಿ ಕುಳಿತಿದೆ ಎಂದರ್ಥ. ಅಂಥ ಬ್ಲಾಕನ್ನು ತೊಳೆಯದೆ ಹೊಸ ರೇಡಿಯೇಟರ್ ಹಾಕಿಸಿದರೆ ಅದೇ ಕೆಸರು ಹೊಸದರ ಸಣ್ಣ ಕೊಳವೆಗಳಿಗೆ ಹೋಗಿ ಕೂರುತ್ತದೆ.

‘ಆಗಲೂ ಘಾಟಿಯಲ್ಲಿ ಅಂಬಾಸಿಡರ್‌ಗಳು ಬಾನೆಟ್ ಎತ್ತಿಕೊಂಡು ನಿಲ್ಲುತ್ತಿದ್ದವಲ್ಲ?’ ಎಂದು ಹಿರಿಯರು ಕೇಳುತ್ತಾರೆ. ನಿಜ, ನಿಲ್ಲುತ್ತಿದ್ದವು. ಆದರೆ ನಿಂತ ಕಾರುಗಳೆಲ್ಲ ಕುದಿದು ನಿಂತವಲ್ಲ. ಎಂಜಿನ್ನಿನ ಶಾಖಕ್ಕೆ ಪೆಟ್ರೋಲ್ ಪೈಪಿನಲ್ಲೇ ಆವಿಯಾದರೆ ಪಂಪಿಗೆ ಎಳೆಯಲು ಏನೂ ಸಿಗದೆ ಗಾಡಿ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಡ್ರೈವರ್‌ಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕಾಗಿಯೇ. ರೇಡಿಯೇಟರ್ ರಿಪೇರಿಯಿಂದ ಆ ರೋಗ ಹೋಗುವುದಿಲ್ಲ. ನಿಜವಾಗಿ ಕುದಿದು ನಿಂತ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ರೇಡಿಯೇಟರ್ ಕ್ಯಾಪನ್ನು. ಅದು ಬರೀ ಮುಚ್ಚಳವಲ್ಲ. ಒಳಗಿನ ಒತ್ತಡವನ್ನು 7 ಪಿಎಸ್‌ಐನಷ್ಟು ಹಿಡಿದಿಡುವ ಕ್ಯಾಪ್ ಸಮುದ್ರಮಟ್ಟದಲ್ಲಿ ನೀರಿನ ಕುದಿಬಿಂದುವನ್ನು 100 ಡಿಗ್ರಿಯಿಂದ ಸುಮಾರು 111ಕ್ಕೆ ಏರಿಸುತ್ತದೆ. ರಬ್ಬರ್ ಸತ್ತ ಕ್ಯಾಪಿನಿಂದ ಈ ಲಾಭ ಸಿಗದು. ಮೇಲಾಗಿ, ಎತ್ತರಕ್ಕೆ ಹೋದಂತೆ ಕುದಿಬಿಂದು ಇಳಿಯುತ್ತದೆ: ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ, ಊಟಿಯಲ್ಲಿ 92-93. ಎಂಜಿನ್ ಅತಿ ಹೆಚ್ಚು ದುಡಿಯುವ ಬೆಟ್ಟದ ಮೇಲೇ ನೀರು ಅತಿ ಬೇಗ ಕುದಿಯುತ್ತದೆ. ಹಾಗೆಂದು ಹೊಸ ಕಾರಿನ 15 ಪಿಎಸ್‌ಐ ಕ್ಯಾಪನ್ನು ತಂದು ಹಾಕಿದರೆ ಹಳೆಯ ಬೆಸುಗೆ ಬಿಟ್ಟುಕೊಂಡೀತು. ಆ ಕಾರಿಗೆ ಹೇಳಿದ ಒತ್ತಡದ್ದನ್ನೇ ಹಾಕಬೇಕು.

ನಮ್ಮ ಗ್ಯಾರೇಜುಗಳ ಇನ್ನೊಂದು ರೂಢಿಯನ್ನು ಖಂಡಿಸಲೇಬೇಕು: ಹೀಟ್ ಆಗುತ್ತಿದೆ ಎಂದೊಡನೆ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ‘ನಮ್ಮ ಸೆಕೆಗೆ ಅದು ಬೇಡ, ಅದು ಚಳಿದೇಶಕ್ಕೆ’ ಎನ್ನುವ ವಾದ ಮೇಲುನೋಟಕ್ಕೆ ಸರಿ ಎನಿಸುತ್ತದೆ. ಥರ್ಮೋಸ್ಟಾಟ್ ಸುಮಾರು 82 ಡಿಗ್ರಿಗೆ ಬಾಯಿ ತೆರೆಯುತ್ತದೆ. ಅಲ್ಲಿಂದ ಮೇಲಕ್ಕೆ ಅದು ನೀರಿಗೆ ದಾರಿ ಬಿಟ್ಟುಕೊಟ್ಟಿರುತ್ತದೆ, ಹಾಗಾಗಿ ಸರಿಯಿರುವ ಥರ್ಮೋಸ್ಟಾಟ್ ಕುದಿಯಲು ಕಾರಣವಾಗಲಾರದು. ಮುಚ್ಚಿಕೊಂಡೇ ಕೆಟ್ಟಿದ್ದರೆ ಬದಲಿಸಬೇಕು. ಅದನ್ನು ತೆಗೆದರೆ ನೀರು ರೇಡಿಯೇಟರಿನಲ್ಲಿ ನಿಲ್ಲದೆ ಓಡಿ ತಣಿಯುವುದಿಲ್ಲ ಎಂದು ಕೆಲವರು ಎದುರುವಾದ ಹೂಡುತ್ತಾರೆ. ಅದೂ ಸರಿಯಲ್ಲ, ವೇಗವಾಗಿ ಹರಿಯುವ ನೀರು ಶಾಖವನ್ನು ಕಡಿಮೆಯೇನೂ ಸಾಗಿಸುವುದಿಲ್ಲ. ನಷ್ಟವಿರುವುದು ಬೇರೆಡೆ. ಥರ್ಮೋಸ್ಟಾಟ್ ಒಡ್ಡುವ ತಡೆಯಿಂದ ಬ್ಲಾಕಿನೊಳಗೆ ಪಂಪಿನ ಒತ್ತಡ ಉಳಿಯುತ್ತದೆ. ಅದಿಲ್ಲದಿದ್ದರೆ ಹೆಡ್ಡಿನ ಅತಿ ಬಿಸಿ ಜಾಗಗಳಲ್ಲಿ ನೀರು ಅಲ್ಲಲ್ಲೇ ಗುಳ್ಳೆಯೇಳಬಹುದು. ತಂಪು ಹೊತ್ತಿನಲ್ಲಿ ಎಂಜಿನ್ ಬಹಳ ಹೊತ್ತು ಕಾಯುವುದೇ ಇಲ್ಲ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ಸಿಲಿಂಡರ್ ಸವೆಯುತ್ತದೆ.

ಹಾಗಾದರೆ ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ? ತಾಪಮಾನ ತೋರಿಸುವ ಮುಳ್ಳು ಯಾವಾಗ ಏರುತ್ತದೆ ಎಂಬುದನ್ನು ಗಮನಿಸುವುದೇ ಉತ್ತಮ ಸಾಕ್ಷ್ಯ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡತೊಡಗಿದೊಡನೆ ಇಳಿದರೆ ಗಾಳಿ ಸಾಲದು: ಜಾರುವ ಫ್ಯಾನ್ ಬೆಲ್ಟ್, ಧೂಳು-ಹುಳು ತುಂಬಿದ ರೇಡಿಯೇಟರ್ ಜಾಲರಿ, ಗ್ರಿಲ್ ಮುಂದೆ ಜೋಡಿಸಿದ ಹೆಚ್ಚುವರಿ ಹಾರ್ನು-ದೀಪಗಳನ್ನು ನೋಡಬೇಕು. ಹೆದ್ದಾರಿಯಲ್ಲೋ ಏರಿನಲ್ಲೋ ಏರಿದರೆ ನೀರಿನ ಹರಿವು ಸಾಲದು. ಅಲ್ಲಿ ಕಟ್ಟಿದ ರೇಡಿಯೇಟರ್ ಇರಬಹುದು, ಇಲ್ಲವೇ ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಸೆಳೆತಕ್ಕೆ ಒಳಕ್ಕೆ ಚಪ್ಪಟೆಯಾಗುತ್ತಿರಬಹುದು. ಗಾಡಿ ನಿಂತಾಗ ಹೋಸ್ ಮತ್ತೆ ದುಂಡಗಾಗುವುದರಿಂದ ಈ ದೋಷ ಕಣ್ಣಿಗೆ ಬೀಳುವುದು ಕಷ್ಟ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬಲವಾಗುತ್ತದೆ. ಇವೆಲ್ಲ ಸರಿಯಿದ್ದೂ ಬಿಸಿಯಾದರೆ ಟೈಮಿಂಗ್ ನೋಡಿಸಬೇಕು. ಕಿಡಿ ತಡವಾಗಿ ಹಾರಿದರೆ ಉರಿ ತಡವಾಗಿ ಮುಗಿಯುತ್ತದೆ, ದುಡಿಮೆಯಾಗಬೇಕಿದ್ದ ಶಾಖ ಸಿಲಿಂಡರ್ ಗೋಡೆಗೂ ಎಕ್ಸಾಸ್ಟ್ ವಾಲ್ವಿಗೂ ಹೋಗುತ್ತದೆ.

ಕಾಲ ಬದಲಾಗಿದೆ ಎಂಬ ಆಕ್ಷೇಪಕ್ಕೆ ಮಾತ್ರ ಸ್ವಲ್ಪ ತಲೆಬಾಗಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಉರಿಯಲು ಕಡಿಮೆ ಗಾಳಿ ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿನಲ್ಲಿ ಆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿ ಹೆಚ್ಚಬಹುದು. ಇದಕ್ಕೆ ಜೆಟ್ ಅಥವಾ ಸೂಜಿಯನ್ನು ಮರುಹೊಂದಿಸಬೇಕು. ತೆಳು ಮಿಶ್ರಣವನ್ನು ದೊಡ್ಡ ಫ್ಯಾನ್ ತಿದ್ದಲಾರದು. ಇಂದಿನ ಸಂಚಾರ ದಟ್ಟಣೆಯೂ ನಿಜ. ಎಂಜಿನ್ ನಿಧಾನವಾದಾಗ ಬೆಲ್ಟಿಗೆ ಕಟ್ಟಿದ ಫ್ಯಾನೂ ನಿಧಾನವಾಗುತ್ತದೆ, ಹಾಗಾಗಿ ಎಲೆಕ್ಟ್ರಿಕ್ ಫ್ಯಾನ್ ನ್ಯಾಯವಾದ ಸಹಾಯವೇ. ಆದರೆ ಡೈನಮೋ ಇರುವ ಹಳೆಯ ಕಾರುಗಳಲ್ಲಿ ಪೂರ್ಣ ವೇಗದಲ್ಲೂ ಹುಟ್ಟುವುದು 20 ಆಂಪಿಯರ್ ಆಸುಪಾಸು, ಐಡ್ಲಿಂಗ್‌ನಲ್ಲಿ ಬಹುತೇಕ ಏನೂ ಇಲ್ಲ. ಫ್ಯಾನ್ ಬೇಕಾಗುವ ಹೊತ್ತೂ ಅದೇ. ಆಲ್ಟರ್ನೇಟರ್ ಇಲ್ಲದೆ ಫ್ಯಾನ್ ಹಾಕಿಸಿದರೆ ಬ್ಯಾಟರಿ ಖಾಲಿಯಾಗುತ್ತದೆ. ಕಟ್ಟಿದ ರೇಡಿಯೇಟರಿಗೆ ಬಡಿದ ಗಾಳಿಯಂತೂ ವ್ಯರ್ಥ. ಕೂಲೆಂಟ್ ದುಬಾರಿ ಎನ್ನುವವರಿಗೆ ನನ್ನ ಉತ್ತರ ಸರಳ: ಅದರ ಮುಖ್ಯ ಉಪಯೋಗ ತುಕ್ಕು ತಡೆಯುವುದು. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್ ಕೂತ ಪದ್ಮಿನಿಯಲ್ಲಿ ಬರೀ ನಲ್ಲಿ ನೀರು ಹೆಡ್ಡನ್ನೇ ತಿನ್ನುತ್ತದೆ, ಹೆಡ್ಡಿನ ಬೆಲೆಯ ಮುಂದೆ ಕೂಲೆಂಟ್ ಖರ್ಚು ಏನೇನೂ ಅಲ್ಲ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ ‘ಇನ್ನೊಂದು ಮೈಲಿ’ ಎನ್ನದೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಫ್ ಮಾಡಿದ ಮೇಲೂ ಮುಳ್ಳು ಸ್ವಲ್ಪ ಏರಬಹುದು. ಪಂಪ್ ನಿಂತು, ಕಬ್ಬಿಣದಲ್ಲಿದ್ದ ಶಾಖ ನಿಂತ ನೀರಿಗೆ ಇಳಿಯುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ. ಬಿಸಿಯಾಗಿರುವಾಗ ಕ್ಯಾಪ್ ತೆರೆದರೆ ಒತ್ತಡ ಇಳಿದು ನೀರೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ, ಅಂಥ ಸುಟ್ಟಗಾಯ ಬದುಕಿಡೀ ಉಳಿಯಬಲ್ಲದು. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿ. ನೀರನ್ನೂ ಸ್ವಲ್ಪಸ್ವಲ್ಪವೇ ಹಾಕಿ. ಕಾದ ಎರಕಕ್ಕೆ ತಣ್ಣೀರು ಒಮ್ಮೆಲೇ ಸುರಿದರೆ ಬ್ಲಾಕೋ ಹೆಡ್ಡೋ ಬಿರುಕು ಬಿಡಬಹುದು. ಹೊರಡುವ ಮುನ್ನ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಮತ್ತೆ ಸ್ಟಾರ್ಟ್ ಮಾಡದೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.