ನಾರದ ಮೈಕೇಲ್ ವಾಲ್ಡನ್: ಲಯವಾದನದಿಂದ ಸಂಗೀತ ನಿರ್ಮಾಣದವರೆಗೆ

ಅಮೆರಿಕದ ನಾರದ ಮೈಕೇಲ್ ವಾಲ್ಡನ್ ಅವರ ವೃತ್ತಿಜೀವನವನ್ನು ಎರಡು ಹೋಳಾಗಿಸಿ ನೋಡುವ ರೂಢಿಯುಂದು: ಮೊದಲನೆಯದು ಜಾಝ್ ಡ್ರಮ್ಸ್ ವಾದಕನ ಗಂಭೀರ ಸಾಧನೆ, ಎರಡನೆಯದು ಜನಪ್ರಿಯ ಗೀತೆಗಳ ನಿರ್ಮಾಪಕನ ವ್ಯಾವಹಾರಿಕ ಯಶಸ್ಸು. ಈ ವಿಭಜನೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹ.

1952ರಲ್ಲಿ ಮಿಶಿಗನ್ ರಾಜ್ಯದ ಕಲಮಜೂವಿನಲ್ಲಿ ಜನಿಸಿದ ವಾಲ್ಡನ್, 1974ರಲ್ಲಿ ಬಿಲ್ಲಿ ಕಾಬ್‌ಹ್ಯಾಮ್ ಅವರಿಂದ ತೆರವಾದ ಸ್ಥಾನಕ್ಕೆ ಜಾನ್ ಮೆಕ್‌ಲಾಫ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾ ಸೇರಿದರು. 'ನಾರದ' ಎಂಬುದು ಶ್ರೀ ಚಿನ್ಮಯ್ ಅವರು ನೀಡಿದ ಹೆಸರು. ವಿಷಮ ಮಾತ್ರೆಗಳ ಆವರ್ತಗಳನ್ನು ವಿಪುಲವಾಗಿ ಬಳಸುತ್ತಿದ್ದ ಆ ವೃಂದದಲ್ಲಿ, ಎಲ್ಲ ವಾದ್ಯಗಳೂ ಒಂದೆಡೆ ಕೂಡುವಂತೆ ಕಾಲಪ್ರಮಾಣವನ್ನು ಕಾಯುವ ಹೊಣೆ ಡ್ರಮ್ಸ್ ವಾದಕನದಾಗಿತ್ತು. 'ಅಪೊಕ್ಯಾಲಿಪ್ಸ್' (1974) ಮುದ್ರಿಕೆಯಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕೂಡ ಜೊತೆಗೂಡಿತ್ತು. ಅದರ ನಿರ್ಮಾಪಕರು ಜಾರ್ಜ್ ಮಾರ್ಟಿನ್.

1976ರ 'ವೈರ್ಡ್' ಮುದ್ರಿಕೆಯು ಈ ಪಯಣದ ಮುಖ್ಯ ತಿರುವು. ಜೆಫ್ ಬೆಕ್ ಅವರ ಈ ಮುದ್ರಿಕೆಯ ಎಂಟು ಕೃತಿಗಳಲ್ಲಿ ನಾಲ್ಕು ವಾಲ್ಡನ್ ರಚನೆಗಳು. ಕೊನೆಯ ಕೃತಿಯಲ್ಲಿ ಅವರು ಪಿಯಾನೊ ನುಡಿಸಿದ್ದಾರೆ. ಲಯವಾದಕನು ಇಲ್ಲಿ ರಚನಕಾರನಾಗಿಯೂ ಕಾಣಿಸಿಕೊಂಡನು.

ಗೀತೆಯ ಶ್ರುತಿ, ವೇಗ, ವಾದ್ಯಸಂಯೋಜನೆಗಳನ್ನು ನಿರ್ಧರಿಸಿ, ಗಾಯನದ ಮುದ್ರಣಕ್ಕೆ ಮಾರ್ಗದರ್ಶನ ನೀಡುವವನೇ ನಿರ್ಮಾಪಕ. ವಿಟ್ನಿ ಹ್ಯೂಸ್ಟನ್ ಅವರ 'ಹೌ ವಿಲ್ ಐ ನೋ' (1985) ಇದಕ್ಕೆ ಉತ್ತಮ ನಿದರ್ಶನ. ಜಾರ್ಜ್ ಮೆರಿಲ್ ಮತ್ತು ಶ್ಯಾನನ್ ರೂಬಿಕಾಮ್ ರಚಿಸಿದ್ದ ಗೀತೆಯ ವೇಗವನ್ನೂ ಚರಣಗಳನ್ನೂ ವಾಲ್ಡನ್ ಮಾರ್ಪಡಿಸಿದರು. ಹೀಗಾಗಿ ರಚನಕಾರರಲ್ಲಿ ಅವರ ಹೆಸರೂ ಸೇರಿತು. ಅದೇ ವರ್ಷ ಅರೀಥಾ ಫ್ರ್ಯಾಂಕ್ಲಿನ್ ಹಾಡಿದ 'ಫ್ರೀವೇ ಆಫ್ ಲವ್' ಗೀತೆಯು ಜೆಫ್ರಿ ಕೋಹೆನ್ ಅವರೊಡನೆ ವಾಲ್ಡನ್ ರಚಿಸಿದುದಾಗಿದ್ದು, ಗ್ರ್ಯಾಮಿ ಪ್ರಶಸ್ತಿಗೆ ಪಾತ್ರವಾಯಿತು. 1988ರಲ್ಲಿ ವರ್ಷದ ನಿರ್ಮಾಪಕ ಗ್ರ್ಯಾಮಿಯೂ ಅವರಿಗೆ ಸಂದಿತು.

ವಿಷಮ ಆವರ್ತಗಳಿಂದ ನಾಲ್ಕು ಮಾತ್ರೆಗಳ ಸರಳ ನೃತ್ಯಲಯಕ್ಕೆ ಬಂದುದನ್ನು ಇಳಿಮುಖವೆಂದು ಭಾವಿಸುವವರಿದ್ದಾರೆ. ಆದರೆ ಯಾವ ಧ್ವನಿ ಯಾವ ಕ್ಷಣದಲ್ಲಿ ಪ್ರವೇಶಿಸಬೇಕು, ಯಾವುದು ಮೌನವಾಗಿರಬೇಕು ಎಂಬ ವಿವೇಕವು ಎರಡೂ ಕಾರ್ಯಗಳಿಗೆ ಸಮಾನವಾದುದು. ಪ್ರಯೋಗಶೀಲ ವೃಂದದಲ್ಲಿ ಪಳಗಿದ ಆ ವಿವೇಕವೇ ಗಾಯಕಿಯ ಕಂಠಕ್ಕೆ ಅವಕಾಶ ಕಲ್ಪಿಸುವ ಸಂಯಮವಾಗಿ ಪರಿಣಮಿಸಿತೆನ್ನಬಹುದು. 2022ರಲ್ಲಿ ಪ್ರಕಟವಾದ ಜರ್ನಿ ತಂಡದ 'ಫ್ರೀಡಮ್' ಮುದ್ರಿಕೆಯಲ್ಲಿ ವಾಲ್ಡನ್ ಡ್ರಮ್ಸ್ ವಾದಕರೂ ಹೌದು, ಸಹನಿರ್ಮಾಪಕರೂ ಹೌದು. ಎರಡು ಹೋಳುಗಳೆಂದು ಬಗೆಯಲಾದುದು ವಾಸ್ತವವಾಗಿ ಒಂದೇ ಸಾಧನೆಯ ಎರಡು ಮುಖಗಳು.