ಘಾಟಿಯಲ್ಲಿ ಕುದಿಯುವ ಬ್ರೇಕ್ ಆಯಿಲ್

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪ್ರಶ್ನೆ ಇದು. ಆಗುಂಬೆ ಘಾಟಿ ಇಳಿಯುವಾಗ ಅವರ ಕಾರಿನ ಬ್ರೇಕ್ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ತಳ ಮುಟ್ಟಿತಂತೆ. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮೊದಲಿನಷ್ಟೇ ಗಟ್ಟಿ. ಮೆಕ್ಯಾನಿಕ್ ಪರೀಕ್ಷಿಸಿದರೆ ಪ್ಯಾಡ್ ಹೊಸದು, ಎಲ್ಲೂ ಸೋರಿಕೆಯಿಲ್ಲ. ಆ ತಿರುವೇ ಸರಿಯಿಲ್ಲ, ನಿಂಬೆಹಣ್ಣು ನಿವಾಳಿಸಿ ಎಂದು ಮನೆಯವರು. ತೂತು ಕೊರೆದ ದೊಡ್ಡ ಡಿಸ್ಕ್ ಹಾಕಿಸು ಎಂದು ಗೆಳೆಯರು. ಯಾರ ಮಾತು ಕೇಳಲಿ?

ಇಬ್ಬರದೂ ಬೇಡ. ಈ ಲಕ್ಷಣಗಳೆಲ್ಲ ಬೆರಳು ತೋರಿಸುವುದು ಬ್ರೇಕ್ ಆಯಿಲಿನಲ್ಲಿ ಸೇರಿಕೊಂಡ ನೀರಿನ ಕಡೆಗೆ.

ಪೆಡಲ್ ಒತ್ತಿದರೆ ಈ ದ್ರವ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಗಾಳಿಯ ತೇವವನ್ನು ಎಡೆಬಿಡದೆ ಹೀರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸಿನ ಗೋಡೆಯನ್ನೇ ದಾಟಿ ತೇವ ಒಳಗಿಳಿಯುತ್ತದೆ. ಹೊಸ ಡಾಟ್ 4 ದ್ರವ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯದೆ ಇರಬೇಕೆಂಬುದು ನಿಯಮ. ಅದರಲ್ಲಿ ಶೇ. 3.7ರಷ್ಟು ನೀರು ಬೆರೆತ ಮೇಲೆ ನಿಯಮ ಕೇಳುವುದು ಬರೀ 155 ಡಿಗ್ರಿ!

ಇನ್ನು ಘಾಟಿಯ ಲೆಕ್ಕ. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 18 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅದರಲ್ಲೊಂದು ಪಾಲು ಪ್ಯಾಡನ್ನು ಹಿಡಿದಿರುವ ಕ್ಯಾಲಿಪರಿನೊಳಗಿನ ದ್ರವಕ್ಕೂ ತಲುಪುತ್ತದೆ.

ನನ್ನನ್ನು ಬೆರಗುಗೊಳಿಸುವುದು ಇಲ್ಲಿಂದ ಮುಂದಿನದು. ಪೆಡಲ್ ಒತ್ತಿರುವಾಗ ದ್ರವದ ಮೇಲೆ ವಾಯುಭಾರದ ಹತ್ತಾರು ಪಟ್ಟು ಒತ್ತಡ, ಅದು ಕುದಿಯಲಾರದು. ಕಾಲು ತೆಗೆದೊಡನೆ ಒತ್ತಡ ಕುಸಿಯುತ್ತದೆ, ಕಾದ ದ್ರವ ಆವಿಯ ಗುಳ್ಳೆಯಾಗುತ್ತದೆ. ಮುಂದಿನ ತಿರುವಿನಲ್ಲಿ ಒತ್ತಿದಾಗ ನಿಮ್ಮ ಬಲವೆಲ್ಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಖರ್ಚು. ಗಾಡಿ ತಣಿದರೆ ಆವಿ ಮತ್ತೆ ದ್ರವವಾಗಿ ಸಾಕ್ಷ್ಯವೇ ಮಾಯ! ಮೆಕ್ಯಾನಿಕ್‌ಗೆ ಏನೂ ಸಿಗಲಿಲ್ಲವೆಂದು ಅದನ್ನು ದೆವ್ವದ ತಲೆಗೆ ಕಟ್ಟುವುದು ಅಪಾಯದ ಸೋಮಾರಿತನ. ನಿಂಬೆಹಣ್ಣಿಗೆ ಆ ನೀರನ್ನು ತೆಗೆಯುವ ಶಕ್ತಿಯಿಲ್ಲ.

ಹಾಗಾದರೆ ನೀರು ಹೀರದ ದ್ರವವನ್ನೇ ಬಳಸಬಾರದೇಕೆ? ಇದೆ, ಸಿಲಿಕೋನಿನ ಡಾಟ್ 5. ಅದರಲ್ಲಿ ನೀರು ಕರಗುವುದಿಲ್ಲ, ಹನಿಯಾಗಿ ತಗ್ಗಿನಲ್ಲಿ ನಿಲ್ಲುತ್ತದೆ; ತಗ್ಗು ಎಂದರೆ ಬಹುಪಾಲು ಸುಡುವ ಕ್ಯಾಲಿಪರೇ. ಆ ಹನಿ ಲೋಹವನ್ನು ತುಕ್ಕು ಹಿಡಿಸುತ್ತದೆ, ನೂರು ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುತ್ತದೆ. ನೀರನ್ನು ಎಲ್ಲೆಡೆ ಹಂಚಿ ಕರಗಿಸಿಕೊಳ್ಳುವ ಸಾಮಾನ್ಯ ದ್ರವವೇ ವಾಸಿ. ಸಂಖ್ಯೆ ದೊಡ್ಡದೆಂದು ಡಾಟ್ 4ರ ಜಾಗಕ್ಕೆ ಡಾಟ್ 5 ಸುರಿಯಬೇಡಿ, ಅವೆರಡೂ ಬೆರೆಯುವುದಿಲ್ಲ. ಡಾಟ್ 5.1 ಬೇರೆಯದೇ ವಸ್ತು, ಡಾಟ್ 4ರ ಕುಲಕ್ಕೆ ಸೇರಿದ್ದು.

ದೊಡ್ಡ ಡಿಸ್ಕ್ ಹೆಚ್ಚು ಶಾಖ ತಾಳುತ್ತದೆ, ನಿಜ. ಆದರೆ ಹಳೆಯ ದ್ರವ ಹಾಗೇ ಇದ್ದರೆ ದುಡ್ಡು ದಂಡ. ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಎಬಿಎಸ್ ಕೆಲಸ ಶುರುಮಾಡಿತೆಂದರೆ, ನಿಲ್ಲುವ ದೂರವನ್ನು ತೀರ್ಮಾನಿಸುವುದು ಟೈರಿನ ಹಿಡಿತ, ಡಿಸ್ಕಿನ ಗಾತ್ರವಲ್ಲ.

ದ್ರವ ಬದಲಿಸುವ ಕೆಲಸ ಮನೆಯಂಗಳದಲ್ಲೇ ಆಗುತ್ತದೆ. ಹೆಚ್ಚಿನ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸಾಕು. ಮಳೆಗಾಲ ಕಳೆದು ಆಯುಧಪೂಜೆಗೆ ಕಾರು ತೊಳೆಯುತ್ತೇವಲ್ಲ, ಆಗಲೇ ಮಾಡಬಹುದು. ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಒಬ್ಬರು ಪೆಡಲ್ ಒತ್ತಿಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ಸಡಿಲಿಸಿ, ಹಳೆಯದು ಪೈಪಿನಲ್ಲಿ ಹೊರಬಂದ ಮೇಲೆ ಬಿಗಿಮಾಡಿ "ಬಿಡು" ಅನ್ನಬೇಕು. ಬಿಗಿಮಾಡುವ ಮೊದಲೇ ಕಾಲು ತೆಗೆದರೆ ಗಾಳಿ ಒಳಹೋಗುತ್ತದೆ. ಮೇಲಿನ ಡಬ್ಬಿ ಬರಿದಾಗದಂತೆ ತುಂಬಿಸುತ್ತಿರಿ. ಯಾವ ಚಕ್ರ ಮೊದಲು, ಎಬಿಎಸ್‌ಗೆ ಸ್ಕ್ಯಾನರ್ ಬೇಕೇ ಎಂಬುದನ್ನು ಕಾರಿನ ಮ್ಯಾನ್ಯುಯಲ್ ಹೇಳುತ್ತದೆ. ಡಿಕಾಕ್ಷನ್ ಬಣ್ಣದ್ದು ಹೋಗಿ ತಿಳಿಯಾದದ್ದು ಬರುವವರೆಗೂ ಮುಂದುವರಿಸಿ. ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿಯನ್ನಂತೂ ಹಾಕಲೇಬೇಡಿ. ಬಣ್ಣ ತಿಳಿಯಾಗಿದ್ದರೂ ಅದು ಆಗಲೇ ನೀರು ಕುಡಿದಿರುತ್ತದೆ.

ಕೆಲಸದ ನಡುವೆ ಬಾನೆಟ್ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ. ಒರೆಸುತ್ತ ಕೂರದೆ ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ನೀರಿನ ಮೇಲಿನ ಆಸೆಯೇ ಇಲ್ಲಿ ಉಪಕಾರ ಮಾಡುತ್ತದೆ: ಪೂರ್ತಿ ಕರಗಿ ಹರಿದುಹೋಗುತ್ತದೆ.