ಗುಳಿಗಿ ಕೊಡುವ ಮುನ್ನ ಐದು ಪ್ರಶ್ನೆ



ಸಿದ್ಧೇಶ್ವರ ಗುಡಿ ಸುತ್ತಲಿನ ಓಣಿ ಇರಲಿ, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿ ಇರಲಿ, ಮನೆಯಲ್ಲಿ ಔಷಧ ಕೊಡುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದೇ. ಅತ್ತೆಯ ಬಿ.ಪಿ. ಗುಳಿಗಿ, ಮಾವನ ಸಕ್ಕರೆ ಕಾಯಿಲೆಯ ಗುಳಿಗಿ, ಕೂಸಿನ ಜ್ವರದ ಔಷಧ ಎಲ್ಲ ನಮ್ಮ ಕೈಯಿಂದಲೇ ಹೋಗಬೇಕು. ದವಾಖಾನೆಯಲ್ಲಿ ಆಯಾ ಆಗಿ, ಬೇರೆಯವರ ಮನೆಯಲ್ಲಿ ರೋಗಿ ನೋಡಿಕೊಳ್ಳುವವರಾಗಿ ದುಡಿಯುವ ಅಕ್ಕ-ತಂಗಿಯರೂ ಇದ್ದಾರೆ.

ಇದರಲ್ಲಿ ಸಣ್ಣ ತಪ್ಪೂ ಜೀವಕ್ಕೆ ಕುತ್ತು ತರಬಹುದು. 2019ರ ಮಾರ್ಚ್‌ನಲ್ಲಿ ಹೈದರಾಬಾದಿನ ಒಂದು ಆರೋಗ್ಯ ಕೇಂದ್ರದಲ್ಲಿ ಕೂಸುಗಳಿಗೆ ಲಸಿಕೆ ಹಾಕಿದ ಮೇಲೆ ಜ್ವರದ ಪ್ಯಾರಾಸಿಟಮಾಲ್ ಬದಲು ಟ್ರಮಡಾಲ್ ಎಂಬ ಬಲವಾದ ನೋವಿನ ಗುಳಿಗಿ ಕೊಟ್ಟುಬಿಟ್ಟರು. ಕೂಸುಗಳ ಪ್ರಾಣ ಹೋಯಿತು, ಇನ್ನೂ ಹಲವು ದವಾಖಾನೆ ಸೇರಿದವು. ತರಬೇತಿ ಪಡೆದವರ ಕೈಯಲ್ಲೇ ಹೀಗಾದರೆ, ಒಂದೇ ಡಬ್ಬಿಯಲ್ಲಿ ನಾಲ್ಕು ಮಂದಿಯ ಗುಳಿಗಿ ಇಡುವ ನಮ್ಮ ಮನೆಗಳಲ್ಲಿ ಎಷ್ಟು ಎಚ್ಚರ ಬೇಕು, ನೀವೇ ಯೋಚನೆ ಮಾಡ್ರಿ.

ನರ್ಸ್‌ಗಳಿಗೆ ಕಲಿಸುವ ಐದು ಪ್ರಶ್ನೆಗಳಿವೆ. ಅವನ್ನು ನಾವೂ ಕಲಿಯೋಣ.

1. ಯಾರಿಗೆ? ಒಬ್ಬರ ಗುಳಿಗಿ ಇನ್ನೊಬ್ಬರಿಗೆ ಬೇಡ. "ನನಗೆ ಗುಣ ಆತು, ನೀನೂ ತಗೋ" ಅನ್ನುವುದನ್ನು ಬಿಡಬೇಕು. ಒಬ್ಬೊಬ್ಬರ ಔಷಧಕ್ಕೆ ಒಂದೊಂದು ಚೀಲ ಇರಲಿ.

2. ಯಾವ ಔಷಧ? ಬಣ್ಣ, ಆಕಾರ ನೋಡಿ ಗುರುತು ಹಿಡಿಯಬೇಡಿ. ಹೆಸರು ಓದಿ, ಓದಲು ಬಾರದಿದ್ದರೆ ಓದುವವರನ್ನು ಕೇಳಿ. ಹೆಸರು, ಅವಧಿಯ ತಾರೀಖು ಇರುವ ತುದಿ ಉಳಿಯುವಂತೆ ಸ್ಟ್ರಿಪ್ ಕತ್ತರಿಸಿ.

3. ಎಷ್ಟು? ಕೂಸಿನ ಪ್ಯಾರಾಸಿಟಮಾಲ್ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ. ಔಷಧ ಇರುತ್ತದೆ. ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250 ಮಿ.ಗ್ರಾಂ. ಸಿರಪ್ ಎಂದು ತಿಳಿದು ಹನಿಯ ಔಷಧವನ್ನೇ 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ. ಆಯಿತು, ಅಂದರೆ ದೊಡ್ಡವರ ಒಂದು ಗುಳಿಗಿ! ಅಡುಗೆಮನೆ ಚಮಚ ಒಂದೊಂದು ಒಂದೊಂದು ಅಳತೆ. ಬಾಟಲಿ ಜೊತೆ ಬಂದ ಮುಚ್ಚಳ ಅಥವಾ ಪಿಪೆಟ್‌ನಲ್ಲೇ ಅಳೆಯಿರಿ.

4. ಯಾವ ದಾರಿಯಿಂದ? ಕಿವಿಯ ಹನಿ ಕಣ್ಣಿಗೆ ಹಾಕಬಾರದು. ಕೇಳದೆ ಗುಳಿಗಿ ಪುಡಿ ಮಾಡಬಾರದು. ಕೆಲವು ಗುಳಿಗಿ ನಿಧಾನವಾಗಿ ಕರಗಲೆಂದೇ ಮಾಡಿರುತ್ತಾರೆ. ಮಲಗಿದ ಕೂಸಿಗೆ, ಎಚ್ಚರ ತಪ್ಪಿದವರಿಗೆ ಬಾಯಿಗೆ ಏನೂ ಹಾಕಬೇಡಿ.

5. ಯಾವಾಗ? ಕೀಲುಬೇನೆಗೆ ಕೊಡುವ ಮೆಥೋಟ್ರೆಕ್ಸೇಟ್ ಗುಳಿಗಿ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಸಕ್ಕರೆ ಗುಳಿಗಿ ಅಥವಾ ಇನ್ಸುಲಿನ್ ತಗೊಂಡವರು ಊಟ ಬಿಟ್ಟರೆ ಸಕ್ಕರೆ ಇಳಿಯಬಹುದು. ಬೆವರು, ನಡುಕ, ತಬ್ಬಿಬ್ಬು ಕಂಡರೆ, ಎಚ್ಚರ ಇರುವಾಗಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ.

ಕೆಮ್ಮಿನ ಸಿರಪ್ ಬಗ್ಗೆ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ತೀರಿಕೊಂಡರು. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧ ಕೊಡಬಾರದೆಂದು ಕೇಂದ್ರ ಸರ್ಕಾರ ಅದೇ ವರ್ಷ ತಿಳಿಸಿತು. ಅಂಗಡಿಯಲ್ಲಿ ಕೇಳಿ ತರುವ ರೂಢಿ ಬಿಟ್ಟು ಡಾಕ್ಟರರಿಗೆ ತೋರಿಸಿ.

ದ್ರಾಕ್ಷಿ ತೋಟಕ್ಕೆ ಹೋಗುವವರೇ, ಹೊಡೆಯುವ ಔಷಧವನ್ನು ಖಾಲಿ ಸಿರಪ್ ಬಾಟಲಿಗೆ ಎಂದೂ ತುಂಬಬೇಡಿ. ಎರಡನ್ನೂ "ಔಷಧ" ಅಂತೀವಿ. ಕೂಸಿಗೆ ಫರಕು ಗೊತ್ತಾಗದು.

ಡಾಕ್ಟರರನ್ನು ಕೇಳಲು ನಾಚಿಕೆ ಬೇಡ. ಓದಲು ಬಾರದ ಅತ್ತೆಯವರ ಚೀಲದ ಮೇಲೆ ಬೆಳಗಿನ ಗುಳಿಗಿಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆಯಿರಿ. ತಪ್ಪಾಗಿ ಕೊಟ್ಟಿದ್ದು ಗೊತ್ತಾದರೆ ಮುಚ್ಚಿಡಬೇಡಿ, ವಾಂತಿ ಮಾಡಿಸಬೇಡಿ. ಸ್ಟ್ರಿಪ್ ಹಿಡಿದು ಕೂಡಲೇ ದವಾಖಾನೆಗೆ ಹೋಗಿ. ಏನು ಕೊಟ್ಟಿರಿ ಎಂದು ಡಾಕ್ಟರರಿಗೆ ತಿಳಿದರೆ ಜೀವ ಉಳಿಸಲು ದಾರಿ ಸಿಗುತ್ತದೆ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಮನೆಯ ಔಷಧದ ಡಬ್ಬಿಯನ್ನೂ ತನ್ನಿ. ಅವಧಿ ಮೀರಿದ್ದು, ಹೆಸರಿಲ್ಲದ್ದು ಆಶಾ ಕಾರ್ಯಕರ್ತೆಯೊಂದಿಗೆ ಕೂತು ಬೇರೆ ಮಾಡೋಣ.